ಅಪ್ಪನ ವೇಬಿಲ್ಲು

ನಮ್ಮಪ್ಪ ಕೆಎಸ್‌ಆರ್‌ಟಿಸಿ ಅರಸೀಕೆರೆ ಡಿಪೋದಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವರು. ನಿವೃತ್ತರಾಗಿ 12 ವರ್ಷ ಕಳೆದರೂ ವೇಬಿಲ್ ಬರೆಯುವ ಅಭ್ಯಾಸ ಅವರನ್ನು ಬಿಟ್ಟಿಲ್ಲ. ಉದ್ದನೆಯ ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಹೊಡೆದು ತಾರೀಕು, ಎಲ್ಲಿಂದ ಎಲ್ಲಿಗೆ, ಏತಕ್ಕೆ, ಎಷ್ಟು, ಯಾರು ಕೊಟ್ಟದ್ದು ಎಂದು ಐದು ಕಾಲಂ ಮಾಡಿಕೊಳ್ಳುತ್ತಾರೆ. ಹಾಲಿನ ಲೆಕ್ಕ, ಕೇಬಲ್ಲಿನ ಲೆಕ್ಕ, ಊರಿನ ತೆಂಗಿನಕಾಯಿಯ ಲೆಕ್ಕ, ಎಲ್ಲಕ್ಕೂ ಒಂದೊಂದು ಪುಸ್ತಕ. ಚೆನ್ನೈಗೆ ಬಂದ ಮೇಲೆ ಶುರುವಾದದ್ದು ಆಸ್ಪತ್ರೆಯ ಪುಸ್ತಕ. ಆಟೋ 180, ಎಳನೀರು 50, ಎಕೋ 2,400, ಪಾರ್ಕಿಂಗ್ 40. ಆಫೀಸಿನಲ್ಲಿ ನಾನು ಕೋಟಿಗಟ್ಟಲೆ ಬಜೆಟ್ಟಿನ ಪ್ರಾಜೆಕ್ಟುಗಳ ಶೀಟು ನೋಡುವವನು. ಇಷ್ಟು ಶುದ್ಧವಾದ ಡೇಟಾ ನಮ್ಮ ಯಾವ ಟೀಮಿನವರೂ ಕೊಟ್ಟದ್ದಿಲ್ಲ.

ಕಳೆದ ವರ್ಷ ಆ ಪುಸ್ತಕವನ್ನು ಎಕ್ಸೆಲ್ಲಿಗೆ ಇಳಿಸಿದೆ. ಈ ಬರಹ ಹುಟ್ಟಿದ್ದು ಅಲ್ಲಿಂದ.

ಅಮ್ಮ ಹೋದದ್ದು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ. ಆ ವರ್ಷದ ಕೊನೆಗೆ ಅಪ್ಪನನ್ನು ಇಲ್ಲಿಗೆ ಕರೆತಂದೆವು. ಶೋಳಿಂಗನಲ್ಲೂರಿನ ಒಂಬತ್ತನೇ ಮಹಡಿಯ ಫ್ಲ್ಯಾಟು. ನಿಮ್ಮಲ್ಲಿ ಹಲವರ ಮನೆಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ: ಊರಲ್ಲಿ ನೂರು ಜನಕ್ಕೆ ಬೇಕಾದವರು, ಇಲ್ಲಿ ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಏನು ಮಾತಾಡಬೇಕೋ ತಿಳಿಯದೆ ಮೊಬೈಲು ನೋಡುವವರು. ಅಪ್ಪನಿಗೆ ಶುಗರ್ ಬಂದು 15 ವರ್ಷದ ಮೇಲಾಗಿತ್ತು. ಊರಲ್ಲಿದ್ದಾಗ ಹತೋಟಿಯಲ್ಲೇ ಇತ್ತು. ಇಲ್ಲಿ ಬಂದ ವರ್ಷದೊಳಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.4ಕ್ಕೆ ಏರಿತು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು, ಆಮೇಲೆ ಇನ್ಸುಲಿನ್ ಬಂತು.

ರಾತ್ರಿ ಮೂರು ಗಂಟೆಯ ಹೊತ್ತಿಗೆ ಎದೆ ಹಿಂಡುವುದು ಶುರುವಾದದ್ದೂ ಆಗಲೇ. ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಎಮರ್ಜೆನ್ಸಿಗೆ ಓಡಿದೆವು. ಮೊದಲ ಸಲ ಇಸಿಜಿ, ಎಕೋ, ಒಂದು ರಾತ್ರಿ ಐಸಿಯು. ಎರಡನೇ ಸಲ ಆಂಜಿಯೋಗ್ರಾಮ್; ರಕ್ತನಾಳ ವಯಸ್ಸಿಗೆ ತಕ್ಕ ಹಾಗಿದೆ ಎಂದರು. ಮೂರನೇ ಸಲ ಅಪ್ಪ ಡ್ಯೂಟಿ ಡಾಕ್ಟರಿಗೆ ನೇರವಾಗಿ ಹೇಳಿದ್ದು, ‘ಹೊಟ್ಟೇಲಿ ಒಂಥರಾ ಸಂಕಟ ಆಯ್ತದೆ’ ಎಂದು. ಸಂಕಟ ತಮಿಳಿನಲ್ಲೂ ಇರುವ ಮಾತು, ಆದರೆ ಅಲ್ಲಿ ಅದರ ತೂಕ ಬೇರೆ. ಆ ಹುಡುಗ ಡಾಕ್ಟರು ‘ಹೊಟ್ಟೆ’ಯನ್ನು ಗಟ್ಟಿಯಾಗಿ ಹಿಡಿದುಕೊಂಡು ‘ಸಂಕಟ’ವನ್ನು ಬಿಟ್ಟ. ಎಂಡೋಸ್ಕೋಪಿ ಆಯಿತು. ಅದೂ ನಾರ್ಮಲ್.

ಮೂರು ಅಡ್ಮಿಷನ್ನುಗಳ ಮೊತ್ತ ಅಪ್ಪನ ಪುಸ್ತಕದ ಪ್ರಕಾರ 2 ಲಕ್ಷ 86 ಸಾವಿರ. ‘ಯಾರು ಕೊಟ್ಟದ್ದು’ ಕಾಲಂನಲ್ಲಿ ಹೆಚ್ಚಿನದಕ್ಕೆ ‘ಕಂಪನಿ ಕಾರ್ಡು’ ಎಂದಿದೆ. ತಂದೆತಾಯಿಯರ ಕ್ಲೇಮಿನಲ್ಲಿ ನಮ್ಮ ಪಾಲು ನೂರಕ್ಕೆ ಇಪ್ಪತ್ತು. ಅದರ ಮೇಲೆ ಕೈಗವಸು, ಹತ್ತಿ, ಫೈಲು ಎಂದು ಇನ್ಷೂರೆನ್ಸ್ ಒಪ್ಪದ ಬಾಬತ್ತುಗಳು. ‘ಹತ್ತಿಗೂ ದುಡ್ಡಾ?’ ಎಂದು ಅಪ್ಪ ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಂಡಿದ್ದಾರೆ.

ಐಟಿಯವರಿಗೆ ಈ ಪರಿಸ್ಥಿತಿ ಹೊಸದಲ್ಲ. ಒಂದು ದೊಡ್ಡ ಇನ್ಸಿಡೆಂಟ್ ಬರುತ್ತದೆ. ಡೇಟಾಬೇಸ್ ಟೀಮು ನೋಡಿ ತನ್ನ ಕಡೆ ಸರಿಯಿದೆ ಎಂದು ಟಿಕೆಟ್ ಮುಚ್ಚುತ್ತದೆ. ನೆಟ್‌ವರ್ಕ್ ಟೀಮೂ ಮುಚ್ಚುತ್ತದೆ. ಎಲ್ಲ ಟಿಕೆಟ್ಟುಗಳೂ ಹಸಿರು, ಗ್ರಾಹಕನ ಸ್ಕ್ರೀನು ಮಾತ್ರ ಕಪ್ಪು. ಹೃದಯದವರು, ಹೊಟ್ಟೆಯವರು, ಶುಗರಿನವರು, ಮೂವರೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಅಪ್ಪನಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ವಾರಕ್ಕೆರಡು ಸಲ ಬೇಕೆಂದೇ ಬಿಡುತ್ತಾರೆ ಎಂಬುದು ಯಾವ ಡಿಪಾರ್ಟ್‌ಮೆಂಟಿನ ಟಿಕೆಟ್ಟೂ ಆಗಿರಲಿಲ್ಲ.

ಅದನ್ನು ಕೇಳಿದವಳು ಒಬ್ಬ ಡಯಟೀಷಿಯನ್ ಹುಡುಗಿ. ಮನೆಯ ಹತ್ತಿರ ಒಂದು ಸಣ್ಣ ಶುಗರ್ ಕ್ಲಿನಿಕ್ಕಿದೆ, ಅಲ್ಲಿ ಕೆಲಸಕ್ಕಿದ್ದಳು. ಹೊಸೂರಿನ ಆಚೆ ತಳಿಯ ಕಡೆಯವಳು, ಮನೆಮಾತು ಕನ್ನಡ. ಅಪ್ಪನ ಫೈಲಿನಲ್ಲಿ ಅರಸೀಕೆರೆ ಎಂದು ಕಂಡದ್ದೇ ತಮಿಳು ಬಿಟ್ಟು, ‘ತಾತ, ರಾತ್ರಿ ನಿದ್ದೆ ಬತ್ತದಾ?’ ಎಂದಳು. ಅಪ್ಪ ಸುಮಾರು ನಲವತ್ತು ನಿಮಿಷ ಮಾತಾಡಿದರು. ನಾನು ಹೊರಗೆ ಕುಳಿತು ಕ್ಲೈಂಟ್ ಕಾಲ್ ಮುಗಿಸಿ ಒಳಗೆ ಹೋದರೆ ಅವಳ ಮೇಜಿನ ಮೇಲೆ ಒಂದು ಹಾಳೆ. ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದೆಯೇ, ನಿದ್ದೆ ಹೇಗಿದೆ, ಸತ್ತರೆ ಮೇಲು ಅನ್ನಿಸಿದೆಯೇ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಅಪ್ಪನಿಗೆ 16 ಬಂದಿತ್ತು.

ಪಿಎಚ್‌ಕ್ಯು-9 ಎಂಬ ಈ ಹಾಳೆ ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೂ ಇದೆ. ತುಂಬಿಸಲು ಐದು ನಿಮಿಷ ಸಾಕು. ಅದಕ್ಕೆ ಮೊದಲು ನಡೆದ ಪರೀಕ್ಷೆಗಳ ಪಟ್ಟಿ ಅಪ್ಪನ ಪುಸ್ತಕದಲ್ಲಿ ಎರಡೂವರೆ ಪುಟ.

ಆಮೇಲೆ ನಡೆದದ್ದರಲ್ಲಿ ಪವಾಡವೇನೂ ಇಲ್ಲ. ಕ್ಲಿನಿಕ್ಕಿನ ಡಾಕ್ಟರು ತಮಗೆ ಪರಿಚಯದ ಮನೋವೈದ್ಯರೊಬ್ಬರಿಗೆ ಫೋನಿನಲ್ಲಿ ವಿವರ ಹೇಳಿ, ಕೇಳಿಕೊಂಡು, ಒಂದು ಸಾಧಾರಣ ಬೆಲೆಯ ಮಾತ್ರೆ ಶುರು ಮಾಡಿದರು. ಆ ಹುಡುಗಿ ಎರಡು ವಾರಕ್ಕೊಮ್ಮೆ ಅಪ್ಪನನ್ನು ಕೂರಿಸಿಕೊಂಡು ಶುಗರ್ ನೋಡುತ್ತಿದ್ದಳು, ಹಾಳೆ ತುಂಬಿಸುತ್ತಿದ್ದಳು. ಒಂದು ದಿನ, ‘ತಾತ, ನಿಮಗೆ ಏನು ನೋಡಿದ್ರೆ ಖುಷಿ ಆಗ್ತಿತ್ತು?’ ಎಂದು ಕೇಳಿದಳಂತೆ. ಅಪ್ಪ, ‘ಬಸ್ಸು’ ಎಂದರಂತೆ. ಸರಿ, ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ನಡೆದುಹೋಗಿ ಅರ್ಧ ಗಂಟೆ ಬಸ್ಸು ನೋಡಿಕೊಂಡು ಬನ್ನಿ ಎಂದು ಚೀಟಿಯಲ್ಲಿ ಬರೆದುಕೊಟ್ಟಳು. ಶುಗರಿಗೆ ಬೇಕಾದ ನಡಿಗೆಯೂ ಅದೇ, ಮನಸ್ಸಿಗೆ ಬೇಕಾದ ನೆಪವೂ ಅದೇ. ಒಂದು ತಿಂಗಳಲ್ಲಿ ಅಪ್ಪನಿಗೆ ಅಲ್ಲಿನ ಟೈಂಕೀಪರ್ ಒಬ್ಬರು ಗೆಳೆಯರಾದರು. ಇಬ್ಬರ ನಡುವೆ ಭಾಷೆ ಅರ್ಧಂಬರ್ಧ, ಆದರೆ ಟ್ರಿಪ್ಪು, ಶಿಫ್ಟು, ಕಲೆಕ್ಷನ್ನು, ಬ್ರೇಕ್‌ಡೌನು ಎರಡೂ ರಾಜ್ಯಕ್ಕೆ ಒಂದೇ.

ಹನ್ನೊಂದು ಸಲ ಕೂತದ್ದಕ್ಕೆ, ಸಲಕ್ಕೆ 500ರಂತೆ 5,500 ರೂಪಾಯಿ. ಮಾತ್ರೆಗೆ ತಿಂಗಳಿಗೆ 200ರ ಆಸುಪಾಸು. ಆ ಒಂಬತ್ತು ತಿಂಗಳಲ್ಲಿ ಎಮರ್ಜೆನ್ಸಿಗೆ ಒಂದು ಸಲವೂ ಹೋಗಲಿಲ್ಲ, ಎಚ್‌ಬಿಎ1ಸಿ 7.8ಕ್ಕೆ ಇಳಿಯಿತು. ಇಲ್ಲಿ ‘ಯಾರು ಕೊಟ್ಟದ್ದು’ ಕಾಲಂನಲ್ಲಿ ಪ್ರತಿ ಸಾಲಿಗೂ ಒಂದೇ ಉತ್ತರ: ‘ಮಗ’. ಇನ್ಷೂರೆನ್ಸಿನವರು ಈ 5,500ರಲ್ಲಿ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಹಾಸಿಗೆ ಹಿಡಿಯದವರಿಗೆ ಪಾಲಿಸಿ ಇಲ್ಲವಂತೆ.

ಒಬ್ಬ ಅಪ್ಪ, ಒಂದು ಪುಸ್ತಕ. ಎಂಟೆಕ್‌ನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವನಿಗೆ ಇದು ಪುರಾವೆಯಲ್ಲ ಎಂದು ಗೊತ್ತು. ಮಾತ್ರೆ ಕೆಲಸ ಮಾಡಿತೋ, ನಡಿಗೆಯೋ, ಕನ್ನಡವೋ, ಅಥವಾ ಅಮ್ಮ ಹೋಗಿ ಎರಡು ವರ್ಷ ಕಳೆದದ್ದೋ, ಹೇಳುವವರು ಯಾರು? ಹಾಗಾಗಿ ಓದಲು ಕುಳಿತೆ. ಓದಿದ ಮೇಲೆ ತಿಳಿದದ್ದು, ಆ ಹುಡುಗಿ ಮಾಡಿದ್ದಕ್ಕೆ ಒಂದು ಹೆಸರಿದೆ ಮತ್ತು ಅದರ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಈ ಚೆನ್ನೈಯಲ್ಲೇ.

ಇಂಡಿಪೆಂಡೆಂಟ್ ಎಂಬುದು ಆ ಪ್ರಯೋಗದ ಹೆಸರು. ಚೆನ್ನೈಯ ಡಾ. ಮೋಹನ್ಸ್ ಡಯಾಬಿಟಿಸ್ ಕೇಂದ್ರ, ಬೆಂಗಳೂರಿನ ಡಯಾಕಾನ್ ಆಸ್ಪತ್ರೆ, ದಿಲ್ಲಿಯ ಏಮ್ಸ್, ವಿಶಾಖಪಟ್ಟಣದ ಒಂದು ಕೇಂದ್ರ, ಹೀಗೆ ನಾಲ್ಕು ಕಡೆ ನಡೆಯಿತು. 2015–16ರಲ್ಲಿ 404 ಜನರನ್ನು ಸೇರಿಸಿಕೊಂಡರು. ಎಲ್ಲರಿಗೂ ಖಿನ್ನತೆಯ ಲಕ್ಷಣವಿತ್ತು, ಜೊತೆಗೆ ಶುಗರೋ ಬಿಪಿಯೋ ಕೊಲೆಸ್ಟ್ರಾಲೋ ಹತೋಟಿ ತಪ್ಪಿತ್ತು. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಒಂದು ವರ್ಷ ಒಬ್ಬೊಬ್ಬ ಸಂಯೋಜಕರು. ಅವರು ಡಾಕ್ಟರಲ್ಲ. ರೋಗಿಯ ಜೊತೆ ಮಾತಾಡುವುದು, ಮಾತ್ರೆ ತೆಗೆದುಕೊಂಡಿರೇ ಎಂದು ವಿಚಾರಿಸುವುದು, ಅಂಕ ಬರೆದುಕೊಳ್ಳುವುದು ಅವರ ಕೆಲಸ. ಅಂಕಗಳು ಒಂದು ತಂತ್ರಾಂಶಕ್ಕೆ ಹೋಗುತ್ತವೆ, ಅದು ಮುಂದಿನ ಹೆಜ್ಜೆ ಏನಿರಬಹುದೆಂದು ಡಾಕ್ಟರಿಗೆ ಸೂಚಿಸುತ್ತದೆ. ಮನೋವೈದ್ಯರು ಮತ್ತು ಶುಗರ್ ತಜ್ಞರು ಆಗಾಗ ಸಂಯೋಜಕರ ಜೊತೆ ಕುಳಿತು ಪಟ್ಟಿ ನೋಡುತ್ತಾರೆ, ಸುಧಾರಿಸದವರ ಬಗ್ಗೆ ಚರ್ಚಿಸುತ್ತಾರೆ. ಹೀಗಾಗಿ ಮನೋವೈದ್ಯರು ಪ್ರತಿಯೊಬ್ಬ ರೋಗಿಯನ್ನೂ ಖುದ್ದಾಗಿ ನೋಡಬೇಕಿಲ್ಲ. ನಮ್ಮ ಸ್ಟೇಟಸ್ ಮೀಟಿಂಗಿನ ಹಾಗೇ, ಒಂದೇ ವ್ಯತ್ಯಾಸವೆಂದರೆ ಇದು ಉಪಯೋಗಕ್ಕೆ ಬರುತ್ತದೆ.

ಎರಡು ವರ್ಷದ ಕೊನೆಗೆ, ಖಿನ್ನತೆ ಅರ್ಧಕ್ಕಿಂತ ಕಡಿಮೆಯಾಗಿ ಶುಗರ್, ಬಿಪಿ, ಕೊಲೆಸ್ಟ್ರಾಲುಗಳಲ್ಲಿ ಒಂದಾದರೂ ಇಳಿದವರು ಸಂಯೋಜಕರಿದ್ದ ಗುಂಪಿನಲ್ಲಿ ಶೇ. 71.6, ಮಾಮೂಲಿ ಗುಂಪಿನಲ್ಲಿ ಶೇ. 57.4. ಫಲಿತಾಂಶ 2020ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂತು. ಸಹಾಯ ಒಂದು ವರ್ಷಕ್ಕೆ ನಿಂತಿತ್ತು, ಗುಣ ಎರಡನೇ ವರ್ಷದ ಕೊನೆಗೂ ಉಳಿದಿತ್ತು ಎಂಬುದನ್ನು ನಾನು ಪೆನ್ಸಿಲಿನಲ್ಲಿ ಗೆರೆ ಹಾಕಿಟ್ಟೆ.

ಈ ಊರಿಗೆ ಇದರ ಅಗತ್ಯ ಎಷ್ಟಿದೆ ಎಂಬುದಕ್ಕೂ ಲೆಕ್ಕವಿದೆ. ಚೆನ್ನೈಯಲ್ಲೇ 25 ಸಾವಿರಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿ ಮಾಡಿದ, 2009ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಶೇ. 15ರಷ್ಟು ಜನಕ್ಕೆ ಖಿನ್ನತೆಯ ಲಕ್ಷಣ ಕಂಡಿತ್ತು. ಶುಗರ್ ಇದ್ದವರಿಗೆ ಖಿನ್ನತೆ ಬರುವ ಸಂಭವ ಉಳಿದವರಿಗಿಂತ ಸುಮಾರು ಇಮ್ಮಡಿ ಎಂದು ಬೇರೆ ದೇಶಗಳ ಅಧ್ಯಯನಗಳು ಹೇಳುತ್ತಲೇ ಇವೆ. ದೇಶದಲ್ಲಿ ಶುಗರ್ ಇರುವವರು 10 ಕೋಟಿ ದಾಟಿದ್ದಾರೆ. ಮನಸ್ಸು ಕುಸಿದವನು ಮಾತ್ರೆ ಬಿಡುತ್ತಾನೆ, ನಡೆಯುವುದಿಲ್ಲ, ನಿದ್ದೆಗೆಟ್ಟು ಶುಗರ್ ಏರಿಸಿಕೊಳ್ಳುತ್ತಾನೆ. ಏರಿದ ಶುಗರ್ ಅವನನ್ನು ಇನ್ನಷ್ಟು ಕುಸಿಯುವಂತೆ ಮಾಡುತ್ತದೆ. ನಡುವೆ ಎದೆ, ಹೊಟ್ಟೆ, ತಲೆ ಎಂದು ಒಂದೊಂದು ದಿನ ಒಂದೊಂದು ಬಾಗಿಲು ತಟ್ಟುತ್ತಾನೆ. ಆ ಬಾಗಿಲುಗಳ ಹಿಂದೆ ಒಂದೊಂದು ಬಿಲ್ ಕೌಂಟರು.

ಹಾಗಾದರೆ ಎರಡನ್ನೂ ಒಂದೇ ಸೂರಿನಡಿ ನೋಡಿದರೆ ದುಡ್ಡು ಉಳಿಯುತ್ತದೆಯೇ? ಈ ಪ್ರಶ್ನೆಯ ಬಗ್ಗೆಯೇ ನನಗೊಂದು ತಕರಾರಿದೆ. ಆಂಜಿಯೋಗ್ರಾಮ್ ಮಾಡಿಸಿದರೆ ಮುಂದೆ ಎಷ್ಟು ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಮನಸ್ಸಿನ ಮಾತು ಬಂದಾಗ ಮಾತ್ರ ಅದು ತನ್ನ ಖರ್ಚನ್ನು ತಾನೇ ದುಡಿದು ತೋರಿಸಬೇಕು. ಇರಲಿ, ಲೆಕ್ಕ ಕೇಳಿದವರಿಗೆ ಲೆಕ್ಕವೂ ಇದೆ.

ಅಮೆರಿಕದಲ್ಲಿ ಜರ್ಗನ್ ಉನುಟ್ಸರ್ ಎಂಬ ಮನೋವೈದ್ಯರ ತಂಡ ಇಂಪ್ಯಾಕ್ಟ್ ಎಂಬ ಹೆಸರಿನಲ್ಲಿ 60 ದಾಟಿದ 1,801 ಜನರ ಮೇಲೆ ಇದೇ ಮಾದರಿಯನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿತು. ಖಿನ್ನತೆ ಇಳಿಯಿತು. ಮೊದಲ ಎರಡು ವರ್ಷ ನೋಡಿದಾಗ ಹೊರರೋಗಿ ಖರ್ಚು ತುಸು ಏರಿಯೇ ಇತ್ತು, ತಲೆಗೆ 295 ಡಾಲರಿನಷ್ಟು. ಆಮೇಲೆ ಎರಡು ಆರೋಗ್ಯ ಸಂಸ್ಥೆಗಳಲ್ಲಿದ್ದ 551 ಹಿರಿಯರ ಪೂರ್ತಿ ನಾಲ್ಕು ವರ್ಷದ ಬಿಲ್ಲುಗಳನ್ನು ತೆಗೆದು ಕೂಡಿದರು. ಜೊತೆಗೆ ಸಂಯೋಜಕರಿದ್ದವರ ಒಟ್ಟು ಖರ್ಚು ಸರಾಸರಿ 29,422 ಡಾಲರ್, ಇಲ್ಲದವರದ್ದು 32,785. ತಲೆಗೆ 3,363 ಡಾಲರ್ ಕಡಿಮೆ, ಆ ಸೇವೆಗೆ ತಗುಲಿದ್ದು 522. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಖರ್ಚು ನಿಜಕ್ಕೂ ಇಳಿದಿರುವ ಸಂಭವ ನೂರಕ್ಕೆ 87 ಎಂದು ಬರೆದರು. ನನ್ನ ಪ್ರಾಜೆಕ್ಟುಗಳಿಗೆ ಇಷ್ಟು ಭರವಸೆ ಸಿಕ್ಕರೆ ನಾನು ಸಹಿ ಹಾಕುತ್ತೇನೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಡಾಲರುಗಳಲ್ಲ, ವರ್ಷಗಳು. ಎರಡನೇ ವರ್ಷದವರೆಗೆ ಖರ್ಚು, ನಾಲ್ಕನೇ ವರ್ಷಕ್ಕೆ ಉಳಿತಾಯ. ಅಲ್ಲಿ ಅದು ಕಣ್ಣಿಗೆ ಬಿದ್ದದ್ದು ಯಾಕೆಂದರೆ ಆಸ್ಪತ್ರೆಯೂ ಇನ್ಷೂರೆನ್ಸೂ ಒಂದೇ ಆಗಿದ್ದ ಸಂಸ್ಥೆಗಳಲ್ಲಿ, ರೋಗಿಗಳೂ ವರ್ಷಗಟ್ಟಲೆ ಬಿಟ್ಟುಹೋಗದೆ ಉಳಿದಿದ್ದರು. ಹಾಕಿದ ಜೇಬಿಗೇ ವಾಪಸ್ಸು ಬಂತು. ನಮ್ಮ ಕಂಪನಿಯ ಪಾಲಿಸಿ ಪ್ರತಿ ಏಪ್ರಿಲಿಗೆ ಹೊಸದಾಗುತ್ತದೆ. ಬ್ರೋಕರು ತರುವ ಸ್ಲೈಡಿನಲ್ಲಿ ಹಿಂದಿನ ಹನ್ನೆರಡು ತಿಂಗಳ ಕ್ಲೇಮು ಮಾತ್ರ ಇರುತ್ತದೆ. ಅದರ ಮೇಲೆ ಮುಂದಿನ ಹನ್ನೆರಡು ತಿಂಗಳ ಪ್ರೀಮಿಯಂ. ದರ ಹೊಂದದಿದ್ದರೆ ಮುಂದಿನ ವರ್ಷ ಬೇರೆ ಇನ್ಷೂರೆನ್ಸ್ ಕಂಪನಿ. ನಮ್ಮ ಹುಡುಗರೋ, ಎರಡು ಮೂರು ವರ್ಷಕ್ಕೆ ಕಂಪನಿಯನ್ನೇ ಬದಲಿಸುತ್ತಾರೆ. ನಾಲ್ಕನೇ ವರ್ಷದ ಉಳಿತಾಯಕ್ಕಾಗಿ ಮೊದಲ ವರ್ಷ ಯಾರು ದುಡ್ಡು ಹಾಕುತ್ತಾರೆ?

ಇದನ್ನು ಅಪ್ಪನಿಗೆ ವಿವರಿಸಿದಾಗ ಅವರಿಗೆ ತಟ್ಟನೆ ಅರ್ಥವಾಯಿತು. ‘ಚಿಲ್ಲರೆ ಇಲ್ದಾಗ ಟಿಕೆಟ್ ಹಿಂದೆ ಬಾಕಿ ಬರ್ಕೊಡ್ತಿದ್ವಲ್ಲ ಮಗಾ. ಬಾಣಾವರದಲ್ಲಿ ಇಳಿದು ಹೋದೋನಿಗೆ ಕಡೂರಲ್ಲಿ ಚಿಲ್ಲರೆ ಹುಟ್ಟಿದ್ರೆ ಏನು ಬಂತು?’ ಎಂದರು.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ದೇಹದ ಕಾಯಿಲೆಗೆ ಯಾವ ಆಧಾರದಲ್ಲಿ ವಿಮೆ ಕೊಡುತ್ತೀರೋ ಅದೇ ಆಧಾರದಲ್ಲಿ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಅದೇ ವರ್ಷದ ಆಗಸ್ಟಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗಳಿಗೆ ಸುತ್ತೋಲೆಯನ್ನೂ ಕಳಿಸಿತು. ಸಮಾನತೆ ಅಕ್ಷರಶಃ ಪಾಲನೆಯಾಗಿದೆ: ನಮ್ಮಲ್ಲಿನ ಬಹುಪಾಲು ಪಾಲಿಸಿಗಳಲ್ಲಿ ದೇಹಕ್ಕೂ ಓಪಿಡಿ ಇಲ್ಲ, ಮನಸ್ಸಿಗೂ ಓಪಿಡಿ ಇಲ್ಲ. ಆದರೆ ಖಿನ್ನತೆಯ ಚಿಕಿತ್ಸೆ ಹೆಚ್ಚುಕಡಿಮೆ ಪೂರ್ತಿ ನಡೆಯುವುದೇ ಓಪಿಡಿಯಲ್ಲಿ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಹಾಸಿಗೆ ಬೇಕಾಗಬಹುದು, ಉಳಿದವರಿಗೆ ಬೇಕಾದದ್ದು ಒಂದು ಕುರ್ಚಿ, ಎದುರಿಗೊಬ್ಬರು. ಅಪ್ಪನ ಎದೆ ಹಿಂಡಿದಾಗ ಲಕ್ಷ ಕೊಟ್ಟ ಕಾರ್ಡು, ಅದು ಹಿಂಡದಿರಲು ಐನೂರು ಕೊಡದೇ ಹೋದದ್ದು ಯಾರದೋ ದುಷ್ಟತನದಿಂದಲ್ಲ, ಪಾಲಿಸಿಯ ಡಿಸೈನಿನಿಂದ.

ನಾಲ್ಕು ವರ್ಷ, ನಲವತ್ತು ವರ್ಷ ರೋಗಿಯ ಜೊತೆಗೇ ಉಳಿಯುವ ಜೇಬುಗಳು ನಮ್ಮಲ್ಲಿ ಎರಡೇ. ಒಂದು ಮನೆಯವರದ್ದು, ಇನ್ನೊಂದು ಸರ್ಕಾರದ್ದು. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿದ ಮಾನಸ್ ಪ್ರಯೋಗ ಇದನ್ನೇ ತೋರಿಸಿತು ಎಂದು ನನ್ನ ಓದು. ಮನಃಶಾಸ್ತ್ರದ ಡಿಗ್ರಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು 12 ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, 12 ಖಾಸಗಿ ದವಾಖಾನೆಗಳಲ್ಲಿ ಹೋಲಿಸಿ ನೋಡಿದರು. ಸರ್ಕಾರಿ ಕೇಂದ್ರಗಳಲ್ಲಿ ರೋಗಿಗಳು ಹೆಚ್ಚು ಸುಧಾರಿಸಿದರು. ರೋಗಿ ಕಳೆದುಕೊಳ್ಳುವ ಸಮಯ, ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ಖರ್ಚೂ ಕಡಿಮೆಯಾಗಿತ್ತು. ಖಾಸಗಿಯಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ. ಅಲ್ಲಿನ ಡಾಕ್ಟರುಗಳು ತಮ್ಮ ರೋಗಿಗಳ ಕಷ್ಟಸುಖ ಮೊದಲೇ ವಿಚಾರಿಸುತ್ತಿದ್ದರೋ ಏನೋ, ಫ್ಯಾಮಿಲಿ ಡಾಕ್ಟರ್ ಎಂಬ ಜಾತಿ ಗೋವಾದಲ್ಲಿ ಇನ್ನೂ ಉಳಿದಿರಬಹುದು.

ನಮ್ಮ ಕರ್ನಾಟಕಕ್ಕೆ ಇದು ಹಳೆಯ ಪಾಠ. ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸತೊಡಗಿದರು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ದೊಡ್ಡದಾಗಿ ಮಾಡಿ ನೋಡಿದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಆ ಬಳ್ಳಾರಿಯೇ. 2014ರಿಂದ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಆಯಿತು. ಇಷ್ಟಾದರೂ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರ ಪೈಕಿ ಶೇ. 85ರಷ್ಟು ಜನ ಚಿಕಿತ್ಸೆಯನ್ನೇ ಕಂಡಿರಲಿಲ್ಲ. ಮನೆಯೊಂದು ಮಾನಸಿಕ ಕಾಯಿಲೆಗೆ ತಿಂಗಳಿಗೆ ಸಾವಿರದಿಂದ ಒಂದೂವರೆ ಸಾವಿರ ಖರ್ಚು ಮಾಡುತ್ತದೆ, ಅದರಲ್ಲಿ ಪ್ರಯಾಣದ್ದೂ ಒಂದು ದೊಡ್ಡ ಪಾಲು ಎಂದು ಅದೇ ಸಮೀಕ್ಷೆ ಹೇಳಿತು. ಆ ಬಸ್ ಚಾರ್ಜಿನ ಸಾಲು ನೋಡಿ ಅಪ್ಪನ ‘ಎಲ್ಲಿಂದ ಎಲ್ಲಿಗೆ’ ಕಾಲಂ ನೆನಪಾಯಿತು.

ತಮಿಳುನಾಡಿನವರು 2021ರ ಆಗಸ್ಟ್ 5ರಂದು ಮಕ್ಕಳೈ ತೇಡಿ ಮರುತ್ತುವಂ ಎಂಬ ಯೋಜನೆ ಶುರು ಮಾಡಿದರು. ಜನರನ್ನು ಹುಡುಕಿಕೊಂಡು ಹೋಗುವ ವೈದ್ಯ ಎಂದರ್ಥ. ಬಿಪಿ, ಶುಗರಿನ ಮಾತ್ರೆಗಳನ್ನು ಮಹಿಳಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಉದ್ಘಾಟನೆಯಾದದ್ದು ನಮ್ಮ ಗಡಿಗೆ ಅಂಟಿಕೊಂಡ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಮಾತ್ರೆ ಕೊಡುವ ಕೈ ತಿಂಗಳು ತಿಂಗಳು ಅದೇ ಮನೆಗೆ ಹೋಗುತ್ತದೆ ಎಂದಾದರೆ ಅದೇ ಬಾಯಿ ಎರಡು ಪ್ರಶ್ನೆ ಹೆಚ್ಚಿಗೆ ಕೇಳಲು ಏನು ತಗುಲೀತು? ರಾಮನಗರ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ಸೇಂಟ್ ಜಾನ್ಸ್‌ನವರು ಆಶಾ ಕಾರ್ಯಕರ್ತೆಯರ ಜೊತೆ ಖಿನ್ನತೆಯನ್ನೂ ಬಿಪಿ ಶುಗರನ್ನೂ ಒಟ್ಟಿಗೇ ನೋಡುವ ಪ್ರಯೋಗ ಮಾಡಿದ್ದಾರೆ. ದಾರಿ ಇಲ್ಲದಿಲ್ಲ.

ಶುಗರ್ ಕ್ಲಿನಿಕ್ಕಿನ ಕುರ್ಚಿಯೇ ಯಾಕೆ ಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿ ಯಾರನ್ನಾದರೂ ಹೀಯಾಳಿಸಲು ‘ಕೀಳ್ಪಾಕ್’ ಎಂದರೆ ಸಾಕು. ನಮ್ಮಲ್ಲಿ ‘ನಿಮ್ಹಾನ್ಸಿಗೆ ಸೇರಿಸಬೇಕು’, ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕೆ ಕಳಸ್ಬೇಕು’. ಆ ಕೀಳ್ಪಾಕ್ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿದವರು ದೇಶದ ಮೊದಲ ಮಹಿಳಾ ಮನೋವೈದ್ಯೆ ಡಾ. ಶಾರದಾ ಮೆನನ್, ಹುಟ್ಟಿದ್ದು ಮಂಗಳೂರಿನಲ್ಲಿ. 1984ರಲ್ಲಿ ಸ್ಕಾರ್ಫ್ ಸಂಸ್ಥೆ ಕಟ್ಟಿ, 98ರ ವಯಸ್ಸಿನಲ್ಲಿ 2021ರಲ್ಲಿ ತೀರಿಕೊಂಡರು. ಅಂಥವರು ಅಷ್ಟು ಕಾಲ ದುಡಿದ ಮೇಲೂ ಆ ಹೆಸರಿನ ಅಂಜಿಕೆ ಹೋಗಿಲ್ಲ. ಕನ್ನಡದಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು ಓದದ ಮನೆ ಕಡಿಮೆ, ಅಮ್ಮ ಓದುತ್ತಿದ್ದಳು. ಆದರೂ ಅಪ್ಪನನ್ನು ‘ಮನೋವೈದ್ಯರ ಹತ್ತಿರ ಹೋಗೋಣ’ ಎಂದಿದ್ದರೆ ಆ ದಿನವೇ ಅರಸೀಕೆರೆಯ ರೈಲು ಹತ್ತುತ್ತಿದ್ದರು. ‘ಶುಗರ್ ತೋರಿಸ್ಕೊಂಡ್ ಬರ್ತೀನಿ’ ಎಂದು ಹನ್ನೊಂದು ಸಲ ತಾವೇ ಹೋದರು.

ಹನ್ನೆರಡನೇ ಸಲಕ್ಕೆ ಆ ಹುಡುಗಿ ಇರಲಿಲ್ಲ. ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಸಿಕ್ಕಿತಂತೆ, ಸಿಗಲೇಬೇಕು. ಅವಳ ಜಾಗಕ್ಕೆ ಬಂದವರು ಅನುಭವಸ್ಥೆ, ಒಳ್ಳೆಯವರು, ಆದರೆ ತಮಿಳು ಮತ್ತು ಇಂಗ್ಲಿಷ್ ಮಾತ್ರ. ನಡುವೆ ನಾನು ದುಭಾಷಿಯಾಗಿ ಕುಳಿತೆ. ‘ಸತ್ತರೆ ಮೇಲು ಅನ್ನಿಸಿದೆಯೇ’ ಎಂಬ ಪ್ರಶ್ನೆಯನ್ನು ಮಗ ಅಪ್ಪನಿಗೆ ಅನುವಾದಿಸಿ ಕೇಳಬೇಕು, ಅಪ್ಪ ಮಗನಿಗೇ ಉತ್ತರಿಸಬೇಕು. ಅಪ್ಪ, ‘ಇಲ್ಲ, ಎಲ್ಲ ಚೆನ್ನಾಗಿದೆ ಅನ್ನು’ ಎಂದರು. ಅಂಕ 4 ಎಂದು ದಾಖಲಾಯಿತು. ಆರು ವಾರಕ್ಕೆ ಮತ್ತೆ ರಾತ್ರಿ ಮೂರು ಗಂಟೆ, ಮತ್ತೆ ಎಮರ್ಜೆನ್ಸಿ, ಮತ್ತೆ ಎಕೋ, 64 ಸಾವಿರ.

ರಕ್ತ ಪರೀಕ್ಷೆಗೆ ಭಾಷೆ ಬೇಡ. ಈ ಪರೀಕ್ಷೆಗೆ ಭಾಷೆಯೇ ಸಿರಿಂಜು. ಖರ್ಚಿನ ಅಧ್ಯಯನಗಳಲ್ಲಿ ಸಂಯೋಜಕರ ಸಂಬಳಕ್ಕೆ ಒಂದು ಸಾಲು ಇರುತ್ತದೆ, ಅವರ ಮನೆಮಾತಿಗೆ ಇರುವುದಿಲ್ಲ. ಚೆನ್ನೈಯ ಕನ್ನಡದ ತಾತ, ಬೆಂಗಳೂರಿನ ಒಡಿಯಾ ಕಾವಲುಗಾರ, ಪುಣೆಯಲ್ಲಿ ಮಗನ ಮನೆಗೆ ಬಂದ ಬೀದರಿನ ಅಜ್ಜಿ, ಇವರ ವಿಷಯದಲ್ಲಿ ಆ ಸಾಲೇ ಉಳಿದ ಎಲ್ಲ ಸಾಲುಗಳನ್ನು ನಿರ್ಧರಿಸೀತು. ಸರ್ಕಾರದ ಟೆಲಿ ಮಾನಸ್ 2022ರ ಅಕ್ಟೋಬರಿನಿಂದ ಇದೆ, 14416ಕ್ಕೆ ಫೋನು ಮಾಡಿ ಭಾಷೆ ಆರಿಸಿಕೊಳ್ಳಬಹುದು. ನಿಮ್ಮ ಮನೆಯವರಿಗೆ ನಂಬರು ಬರೆದಿಡಿ. ನಮ್ಮಪ್ಪನಿಗೆ ಅದು ಒಗ್ಗಲಿಲ್ಲ. ‘ಮುಖ ಕಾಣ್ದೋರ ಹತ್ರ ಏನ್ ಹೇಳೋದು’ ಎನ್ನುತ್ತಾರೆ. ಹೊಸೂರಿನ ಹುಡುಗಿಯನ್ನೇ ಹುಡುಕಿ ವಿಡಿಯೋ ಕಾಲಿಗೆ ಒಪ್ಪಿಸಿದೆ. ಅವಳ ಮುಖ ಅಪ್ಪನಿಗೆ ಗೊತ್ತು, ಹಾಗಾಗಿ ನಡೆಯುತ್ತಿದೆ. ಮೂರು ವಾರಕ್ಕೊಮ್ಮೆ, 600 ರೂಪಾಯಿ, ಭಾನುವಾರ ಬೆಳಿಗ್ಗೆ. ಕ್ಲಿನಿಕ್ಕಿನ ಡಾಕ್ಟರಿಗೆ ಅವಳು ಬರೆದ ನಾಲ್ಕು ಸಾಲಿನ ಟಿಪ್ಪಣಿಯನ್ನು ನಾನು ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಎರಡು ಸಿಸ್ಟಮ್ಮುಗಳ ಇಂಟಿಗ್ರೇಷನ್ ಸದ್ಯಕ್ಕೆ ನನ್ನ ಹೆಬ್ಬೆರಳು.

ಈ ಮಾರ್ಚಿನಲ್ಲಿ ಆಫೀಸಿನ ಪಾಲಿಸಿ ನವೀಕರಣದ ಸಭೆಗೆ ನನ್ನನ್ನೂ ಕರೆದಿದ್ದರು. ಅಪ್ಪನ ಪುಸ್ತಕದ ಎರಡು ಶೀಟನ್ನು, ಹೆಸರು ತೆಗೆದು, ಸ್ಕ್ರೀನಿನಲ್ಲಿ ತೋರಿಸಿದೆ. ತಂದೆತಾಯಿಯರಿಗೂ ವರ್ಷಕ್ಕೆ ಹತ್ತು ಓಪಿಡಿ ಆಪ್ತಸಲಹೆ ಸೇರಿಸಿ ಎಂದು ಕೇಳಿದೆ. ಬ್ರೋಕರು ಸಭ್ಯರು. ‘ಉಳಿತಾಯ ಯಾವ ವರ್ಷದಿಂದ ಕಾಣುತ್ತದೆ ಸಾರ್?’ ಎಂದರು. ಮೂರು ನಾಲ್ಕನೇ ವರ್ಷ ಎಂದೆ. ಅವರು ಬರೆದುಕೊಂಡರು. ಎಚ್‌ಆರ್‌ನವರು, ಉದ್ಯೋಗಿಗಳಿಗೆ ಆಗಲೇ ಸಹಾಯವಾಣಿ ಇದೆಯಲ್ಲ ಎಂದು ನೆನಪಿಸಿದರು. ಅದು ತಂದೆತಾಯಿಗೆ ಇಲ್ಲ.

ಎರಡು ವಾರದ ಮೇಲೆ ಮೇಲ್ ಬಂತು. ಆರು ಸಲದ ಆಪ್ತಸಲಹೆ, ಬೇಕಾದವರು ಹೆಚ್ಚುವರಿ ಪ್ರೀಮಿಯಂ ಸಂಬಳದಿಂದ ಕಟ್ಟಿ ಸೇರಿಸಿಕೊಳ್ಳಬಹುದು. ನಾನು ಟಿಕ್ ಹಾಕಿದೆ. ಫಾರಂನಲ್ಲಿ ಹೆಸರು, ವಯಸ್ಸು, ಸಂಬಂಧ, ಮೊದಲೇ ಇರುವ ಕಾಯಿಲೆ ಎಲ್ಲಕ್ಕೂ ಜಾಗವಿತ್ತು. ಭಾಷೆಗೆ ಇರಲಿಲ್ಲ. ಕೊನೆಯ ರಿಮಾರ್ಕ್ಸ್ ಡಬ್ಬಿಯಲ್ಲಿ ‘ಕನ್ನಡ ಮಾತ್ರ’ ಎಂದು ಬರೆದು ಸಬ್‌ಮಿಟ್ ಒತ್ತಿದೆ. ಅಪ್ಪ ಆ ಪ್ರೀಮಿಯಂ ಎಷ್ಟೆಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡರು, ಎಲ್ಲಿಂದ ಎಲ್ಲಿಗೆ ಎಂಬ ಕಾಲಂ ಖಾಲಿ ಬಿಟ್ಟರು.